ಹುಳದ ಮನೆಗೆ ನಿಲುವುಗನ್ನಡಿ

ಶಿಡ್ಲಘಟ್ಟದಲ್ಲಿ ಬಸ್ ಇಳಿದರೆ ಸಾಕು, ಯಾರಾದರೊಬ್ಬರು ಕೇಳುತ್ತಾರೆ, "ಈಗ ಯಾವ ಪಿಕ್ಚರಪ್ಪ?" 14 ವರ್ಷದಿಂದ ಇದೇ ಪ್ರಶ್ನೆ. ನಿಜ ಹೇಳಬೇಕಂದ್ರೆ ಜಾಸ್ತಿ ಸಲ ಯಾವ ಪಿಕ್ಚರೂ ಇರೋದಿಲ್ಲ. ಎರಡು ತಿಂಗಳು ಸೀರಿಯಲ್, ಆಮೇಲೆ ಒಂದು ಬಟ್ಟೆ ಅಂಗಡಿ ಜಾಹೀರಾತು, ಆಮೇಲೆ ಸುಮ್ನೆ ಫೋನ್ ನೋಡಿಕೊಂಡು ಕೂರೋದು. ಫ್ರೀಲಾನ್ಸ್ ಕ್ಯಾಮೆರಾಮನ್ ಅಂದರೆ ಅಷ್ಟೇ. ಕರೆದರೆ ಶೂಟಿಂಗ್, ಕರೆಯದಿದ್ದರೆ ಊರಿಗೆ ಬಂದು ಹಿಪ್ಪುನೇರಳೆ ಸೊಪ್ಪು ಕೊಯ್ಯೋದು.

ಶುರು ಮಾಡಿದ್ದು ಚಿಕ್ಕಬಳ್ಳಾಪುರದಲ್ಲಿ, ಮದುವೆ ವಿಡಿಯೋ. ಆಮೇಲೆ ಬೆಂಗಳೂರು. ಲೆನ್ಸ್ ಪೆಟ್ಟಿಗೆ ಹೊತ್ತೆ, ಫೋಕಸ್ ಎಳೆದೆ, ಕೊನೆಗೆ ಸೀರಿಯಲ್‌ಗೆ ಕ್ಯಾಮೆರಾಮನ್ ಆದೆ. ಸೀರಿಯಲ್‌ನಲ್ಲಿ ದಿನಕ್ಕೊಂದು ಎಪಿಸೋಡ್ ಮುಗಿಸಬೇಕು. "ಈ ಶಾಟ್‌ಗೆ ಬೇರೆ ಲೈಟ್ ಮಾಡ್ತೀನಿ" ಅಂದರೆ ಡೈರೆಕ್ಟರ್ ವಾಚ್ ನೋಡುತ್ತಾರೆ. ಹಾಗಾಗಿ ಎಲ್ಲಾ ಕಡೆಗೂ ಲೈಟ್ ಹಾಕಿಬಿಡೋದು, ಮಧ್ಯರಾತ್ರಿ ಅಳುವ ಸೊಸೆಯ ಮುಖದ ಮೇಲೂ ಮಧ್ಯಾಹ್ನದ ಬೆಳಕು. ಬೈಯಲ್ಲ ನಾನು, ನನ್ನ ಮನೆ ಬಾಡಿಗೆ ಕಟ್ಟಿದ್ದು ಅದೇ ಸೀರಿಯಲ್. ಒಬ್ಬ ನಿರ್ಮಾಪಕರು ಮಾತ್ರ 18 ದಿನದ ದುಡ್ಡು "ಮುಂದಿನ ವಾರ" ಅಂತ ಹೇಳಿದ ಮೇಲೆ ಎರಡು ಯುಗಾದಿ ಕಳೆದವು.

ಇತ್ತೀಚೆಗೆ ರೇಷ್ಮೆ ಬಗ್ಗೆ ಒಂದು ಸಣ್ಣ ಸಾಕ್ಷ್ಯಚಿತ್ರದ ಕೆಲಸ ಬಂತು. ನಮ್ಮ ಮನೆಯಲ್ಲೇ ಮಾಡೋಣ ಅಂದೆ. ದೊಡ್ಡ ತಪ್ಪು, ಯಾಕಂದ್ರೆ ಹುಳದ ಮನೆಯಲ್ಲಿ ಡೈರೆಕ್ಟರ್ ನಮ್ಮಮ್ಮ. ಚಪ್ಪಲಿ ಹೊರಗೆ ಬಿಟ್ಟು, ಬ್ಲೀಚಿಂಗ್ ಪೌಡರ್ ನೀರಲ್ಲಿ ಕಾಲು ಅದ್ದಿಯೇ ಒಳಗೆ ಹೋಗಬೇಕು. ಸೆಂಟ್ ಹಾಕಿಕೊಂಡು ಬಂದಿದ್ದ ಅಸಿಸ್ಟೆಂಟ್ ಹುಡುಗನನ್ನು ಸೀದಾ ನಲ್ಲಿ ಹತ್ತಿರ ಕಳಿಸಿದಳು. ಹುಳು ನಾಲ್ಕನೇ ಜ್ವರ, ಅಂದರೆ ಮೇವು ಬಿಟ್ಟು ಪೊರೆ ಕಳಚೋ ನಿದ್ದೆ, ಎದ್ದು ಮೂರು ದಿನ ಆಗಿತ್ತು, ತಿನ್ನೋ ಭರ ಹೇಗಿತ್ತು ಅಂದರೆ ಸೌಂಡ್ ಹುಡುಗ ಹೆಡ್‌ಫೋನ್ ತೆಗೆದು, ಮಳೆ ಬಂತಾ ಅಂತ ಹೊರಗೆ ಹೋಗಿ ನೋಡಿ ಬಂದ.

ನಾನು 1000 ವ್ಯಾಟ್ ಲೈಟನ್ನು ಸ್ಟ್ಯಾಂಡಿಗೆ ಏರಿಸಿದೆ. ಅಮ್ಮ ಗೋಡೆಯ ಥರ್ಮಾಮೀಟರ್ ತೋರಿಸಿದಳು. 25 ಡಿಗ್ರಿ. "ಇದನ್ನ ಹಚ್ಚಿದರೆ ಹುಳಾನೂ ಹೋಗ್ತವೆ, ನೀನೂ ಹೋಗ್ತೀಯ ಕಣೋ, ಮನೆಯಿಂದ."

ಉಳಿದದ್ದು ಅಲ್ಲಿದ್ದ ಹಳೇ ಟ್ಯೂಬ್‌ಲೈಟ್. ನಮ್ಮ ಕರೆಂಟ್ 50 ಹರ್ಟ್ಸ್, ಅದು ಸೆಕೆಂಡಿಗೆ 100 ಸಲ ಮಿನುಗುತ್ತೆ, ಶಟರ್ 1/50 ಇಟ್ಟರೆ ಚಿತ್ರದಲ್ಲಿ ಪಟ್ಟೆ ಓಡಲ್ಲ. ಆದರೆ ಬಣ್ಣಕ್ಕೆ ಏನು ಮಾಡೋದು? ಹಸಿರು ಹಸಿರು. ಚೆನ್ನಾಗಿ ತಿನ್ನುತ್ತಿದ್ದ ಹುಳುಗಳಿಗೆ ಮಾನಿಟರ್‌ನಲ್ಲಿ ಕಾಯಿಲೆ ಬಂದಿತ್ತು.

ಆಗ ನೆನಪಾದದ್ದು ವಿ.ಕೆ. ಮೂರ್ತಿ. ನಮ್ಮ ಮೈಸೂರಿನವರು, ಬೆಂಗಳೂರಿನ ಪಾಲಿಟೆಕ್ನಿಕ್‌ನಲ್ಲಿ ಕಲಿತು ಮುಂಬೈಗೆ ಹೋದವರು, ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಕ್ಯಾಮೆರಾಮನ್. 1959ರ 'ಕಾಗಜ್ ಕೆ ಫೂಲ್'ನಲ್ಲಿ ಸ್ಟುಡಿಯೋ ಒಳಗೆ ಬೀಳುವ ಆ ಬೆಳಕಿನ ಕೋಲು ಇದೆಯಲ್ಲ, ಅದು ಲೈಟೇ ಅಲ್ಲ. ಹೊರಗೊಂದು, ಒಳಗೊಂದು ಕನ್ನಡಿ ಇಟ್ಟು ಬಿಸಿಲನ್ನೇ ಒಳಗೆ ತಂದಿದ್ದರು.

ಅಕ್ಕನ ಮದುವೆಗೆ ತಂದಿದ್ದ ನಿಲುವುಗನ್ನಡಿ ಇನ್ನೂ ಮನೆಯಲ್ಲಿತ್ತು. ಅಂಗಳದಲ್ಲಿ ನಿಲ್ಲಿಸಿ ಕಿಟಕಿಗೆ ಬಿಸಿಲು ಹೊಡೆಸಿದೆ. ಹುಳದ ಮೈಮೇಲೆ ಮೊಟ್ಟೆ ಇಟ್ಟು ಸಾಯಿಸೋ ಊಜಿ ನೊಣ ಬರದಿರಲಿ ಅಂತ ಕಟ್ಟಿದ್ದ ನೈಲಾನ್ ಬಲೆಯಿಂದ ಬೆಳಕು ಸೋಸಿಕೊಂಡು ಬಂತು. ಅದನ್ನು ಹುಳದ ಮೇಲೆ ಬೀಳಿಸದೆ ಎದುರು ಗೋಡೆಯ ಥರ್ಮಾಕೋಲ್‌ಗೆ ತಾಗಿಸಿದೆ. ಹುಳದ ಮೇಲೆ ಸೊಪ್ಪಿನ ಕಡ್ಡಿ ಹರಡುವ ಅಮ್ಮನ ಕೈ, ಒಂದು ಬದಿಗೆ ಮೆತ್ತಗೆ ಬೆಳಕು, ಇನ್ನೊಂದು ಬದಿ ಕತ್ತಲು. ಬಳೆ ಸರಿದಾಗ ಮಣಿಕಟ್ಟಿನ ಮೇಲೆ ಸೊಪ್ಪಿನ ಹಾಲಿನ ಕರೆ ಕಂಡಿತು. ಸೀರಿಯಲ್‌ನಲ್ಲಿ ಇಷ್ಟು ವರ್ಷ ಇಂಥದ್ದೊಂದು ಶಾಟ್ ತೆಗೆದಿರಲಿಲ್ಲ.

ತೊಂದರೆ ಏನಂದ್ರೆ ಸೂರ್ಯ ನಿಲ್ಲಲ್ಲ. ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ, ಅಂದರೆ 20 ಅಡಿ ದೂರದ ಗೋಡೆಯ ಮೇಲೆ ಬೆಳಕು ನಾಲ್ಕು ಇಂಚು ಸರಿದುಬಿಡುತ್ತೆ. ಅಪ್ಪ ಟವೆಲ್ ತಲೆಗೆ ಕಟ್ಟಿಕೊಂಡು ಕನ್ನಡಿ ಪಕ್ಕ ಕೂತ. ನಾನು ಒಳಗಿಂದ "ಎಡಕ್ಕಪ್ಪಾ" ಅಂತ ಕೂಗೋದು, ಅವನು ಬಲಕ್ಕೆ ತಿರುಗಿಸೋದು. ಅವನ ಎಡ ನನ್ನ ಬಲ ಅಲ್ವಾ!

ಆ ಬೆಳೆ ಚೆನ್ನಾಗಿ ಬಂತು. ಗೂಡು ಶಿಡ್ಲಘಟ್ಟದ ಮಾರ್ಕೆಟ್‌ಗೆ ಹೋಯಿತು, ಅಮ್ಮನ ಕೈಗೆ ದುಡ್ಡೂ ಬಂತು. ನನ್ನ ಪೇಮೆಂಟ್ ಮುಂದಿನ ವಾರವಂತೆ.