ಖಾಲಿ ಕಟ್ಟಡದ ರಾತ್ರಿ ಲೋಡ್: ಸೋಲಾರ್‌ಗೂ ಮುಂಚೆ ನೋಡಬೇಕಾದದ್ದು

ಹಸಿರು ಕಟ್ಟಡ ಅಂದ ಕೂಡಲೇ ಮಾತು ಚಾವಣಿಯ ಸೋಲಾರ್‌ಗೆ ಹೋಗುತ್ತದೆ. ಎಷ್ಟು ಕಿಲೋವ್ಯಾಟ್ ಕೂರುತ್ತದೆ, ಹಸಿರು ಪ್ರಮಾಣಪತ್ರಕ್ಕೆ ಅದರಿಂದ ಎಷ್ಟು ಅಂಕ ಸಿಗುತ್ತದೆ ಎಂದು ಲೆಕ್ಕ ಶುರುವಾಗುತ್ತದೆ. ಎನರ್ಜಿ ಆಡಿಟ್ ಮಾಡುವವರು ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ರಾತ್ರಿ ಎರಡು ಗಂಟೆಗೆ, ಒಳಗೆ ಕಾವಲುಗಾರರನ್ನು ಬಿಟ್ಟರೆ ಯಾರೂ ಇಲ್ಲದಾಗ, ಈ ಕಟ್ಟಡ ಎಷ್ಟು ಕರೆಂಟ್ ಎಳೆಯುತ್ತಿದೆ?

ಒಂದು ಮಧ್ಯಮ ಗಾತ್ರದ ಆಫೀಸು ಕಟ್ಟಡ ತೆಗೆದುಕೊಳ್ಳಿ. ರಾತ್ರಿ ಲೋಡ್ 40 ಕಿಲೋವ್ಯಾಟ್. ದಿನಕ್ಕೆ 12 ಗಂಟೆ, 365 ದಿನ ಅಂದರೆ 1,75,200 ಯೂನಿಟ್. ಅದೇ ಕಟ್ಟಡದ ಮೇಲೆ 100 ಕಿಲೋವ್ಯಾಟ್ ಸೋಲಾರ್ ಇದೆ ಅನ್ನೋಣ. ಒಳ್ಳೆಯ ಬಿಸಿಲಿರುವ ಕಡೆ ಪ್ರತಿ ಕಿಲೋವ್ಯಾಟ್‌ಗೆ ದಿನಕ್ಕೆ ಸರಾಸರಿ 4 ಯೂನಿಟ್ ಸಿಕ್ಕರೆ ವರ್ಷಕ್ಕೆ 1,46,000 ಯೂನಿಟ್. ಇಡೀ ಚಾವಣಿ ದುಡಿದದ್ದಕ್ಕಿಂತ, ಯಾರೂ ಇಲ್ಲದ ಹೊತ್ತಿನಲ್ಲಿ ಕರಗಿದ್ದೇ ಹೆಚ್ಚು.

ಆ ರಾತ್ರಿಯ ಕರೆಂಟ್ ಯಾವ ಮೂಲದ್ದು ಅನ್ನುವುದು ಇನ್ನೂ ಮುಖ್ಯ. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ 2014ರ ವರದಿಯಲ್ಲಿ, ಇಂಧನ ಅಗೆಯುವುದರಿಂದ ಹಿಡಿದು ಸ್ಥಾವರ ಕಟ್ಟುವವರೆಗೆ ಎಲ್ಲ ಸೇರಿಸಿ ಕೊಟ್ಟ ಮಧ್ಯಮ ಅಂಕಿಗಳಿವೆ. ಒಂದು ಯೂನಿಟ್‌ಗೆ, ಇಂಗಾಲದ ಡೈಆಕ್ಸೈಡ್ ಲೆಕ್ಕದಲ್ಲಿ, ಕಲ್ಲಿದ್ದಲು 820 ಗ್ರಾಂ, ಗ್ಯಾಸ್ 490, ಚಾವಣಿ ಸೋಲಾರ್ 41, ಜಲವಿದ್ಯುತ್ 24, ಪರಮಾಣು 12, ನೆಲದ ಮೇಲಿನ ಗಾಳಿಯಂತ್ರ 11. ಮಧ್ಯಾಹ್ನ ಗ್ರಿಡ್‌ಗೆ ಕೊಟ್ಟ ಯೂನಿಟ್ಟೂ ರಾತ್ರಿ ಎಳೆದ ಯೂನಿಟ್ಟೂ ನೆಟ್ ಮೀಟರಿನಲ್ಲಿ ವಜಾ ಆಗಿಬಿಡುತ್ತವೆ. ಹೊಗೆಯ ಲೆಕ್ಕದಲ್ಲಿ ಹಾಗೆ ವಜಾ ಆಗುವುದಿಲ್ಲ. ಎಲ್ಲರ ಸೋಲಾರೂ ಒಟ್ಟಿಗೆ ಉಕ್ಕುವ ಹೊತ್ತಿನಲ್ಲಿ ಕೊಟ್ಟ ಯೂನಿಟ್ ಉಳಿಸುವ ಕಲ್ಲಿದ್ದಲು ಕಡಿಮೆ. ಕಲ್ಲಿದ್ದಲನ್ನೇ ನೆಚ್ಚಿದ ಗ್ರಿಡ್ ಆದರೆ ರಾತ್ರಿ ಎಳೆದದ್ದು ಬಹುಪಾಲು ಅದರಿಂದಲೇ ಬಂದಿರುತ್ತದೆ.

ಬ್ಯಾಟರಿ ಹಾಕಿದರಾಯಿತು ಅನ್ನುವವರಿದ್ದಾರೆ. ಹಾಕಬಹುದು, ಆದರೆ ಎಷ್ಟು? 40 ಕಿಲೋವ್ಯಾಟ್ 12 ಗಂಟೆಗೆ 480 ಯೂನಿಟ್. ಬ್ಯಾಟರಿಯನ್ನು ಶೇ. 90ರಷ್ಟೇ ಖಾಲಿ ಮಾಡುತ್ತೇವೆ, ಇನ್ವರ್ಟರಿನಲ್ಲಿ ಶೇ. 5 ಹೋಗುತ್ತದೆ ಅಂದರೆ ಸುಮಾರು 560 ಯೂನಿಟ್ ಸಾಮರ್ಥ್ಯ ಬೇಕು. ತುಂಬಿಸುವಾಗ, ತೆಗೆಯುವಾಗ ಒಟ್ಟು ಶೇ. 10 ನಷ್ಟ ಹಿಡಿದರೆ ಅದನ್ನು ತುಂಬಿಸಲು ಮಾತ್ರವೇ 133 ಕಿಲೋವ್ಯಾಟ್ ಸೋಲಾರ್ ಬೇಕು. ರಾತ್ರಿ ಲೋಡನ್ನು 15 ಕಿಲೋವ್ಯಾಟ್‌ಗೆ ಇಳಿಸಿ ಇದೇ ಲೆಕ್ಕ ಹಾಕಿ: ಬ್ಯಾಟರಿ 210 ಯೂನಿಟ್, ಸೋಲಾರ್ 50 ಕಿಲೋವ್ಯಾಟ್ ಸಾಕು. ಲೋಡ್ ಇಳಿಸುವ ಕೆಲಸಕ್ಕೆ ಬೇಕಾದದ್ದು ಒಂದು ಕ್ಲ್ಯಾಂಪ್ ಮೀಟರ್ (ತಂತಿಯ ಸುತ್ತ ಹಿಡಿದು ಕರೆಂಟ್ ಅಳೆಯುವ ಸಾಧನ) ಮತ್ತು ಎರಡು ರಾತ್ರಿಯ ನಿದ್ದೆ.

ಮೊದಲು ಮುಖ್ಯ ಮೀಟರಿನಿಂದ 15 ನಿಮಿಷಕ್ಕೊಮ್ಮೆಯ ರೀಡಿಂಗ್ ಕನಿಷ್ಠ ಎರಡು ವಾರದ್ದು ತೆಗೆಸಿ. ಅದರಲ್ಲಿ ಒಂದು ರಜೆಯ ದಿನ ಸೇರಿರಲೇಬೇಕು. ಕೆಲಸದ ದಿನದ ರಾತ್ರಿಯೂ ರಜೆಯ ದಿನದ ಹಗಲೂ ಒಂದೇ ಮಟ್ಟದಲ್ಲಿದ್ದರೆ ಅದು ಕಟ್ಟಡದ ತಳಮಟ್ಟದ ಲೋಡ್. ರಜೆಯ ಹಗಲು ಎತ್ತರಕ್ಕೆ ಹೋಗಿದ್ದರೆ ಟೈಮರಿಗೆ ರಜೆ ಗೊತ್ತಿಲ್ಲ ಎಂದರ್ಥ. ಆಮೇಲೆ ರಾತ್ರಿ ಕಟ್ಟಡದ ಎಲೆಕ್ಟ್ರಿಷಿಯನ್ನರ ಜೊತೆ ಒಂದೊಂದೇ ಡಿಸ್ಟ್ರಿಬ್ಯೂಷನ್ ಬೋರ್ಡ್ ಮುಂದೆ ನಿಂತು ಹೊರಹೋಗುವ ಪ್ರತಿ ಫೀಡರ್ ಕೇಬಲ್ಲಿನ ಮೂರೂ ಫೇಸ್ ಅಳೆಯಿರಿ. 400 ವೋಲ್ಟ್, 20 ಆಂಪಿಯರ್, ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) 0.85 ಇದ್ದರೆ 1.732 × 400 × 20 × 0.85, ಅಂದರೆ ಸುಮಾರು 11.8 ಕಿಲೋವ್ಯಾಟ್. ಪವರ್ ಫ್ಯಾಕ್ಟರನ್ನು ಊಹಿಸಬೇಡಿ, ಅಳೆಯಿರಿ. ಕಡಿಮೆ ಲೋಡಿನಲ್ಲಿರುವ ಮೋಟರ್‌ಗಳಲ್ಲಿ ಅದು 0.5ರ ಕೆಳಗೂ ಇಳಿದಿರುತ್ತದೆ. ಕ್ಲ್ಯಾಂಪ್ ಮೀಟರ್ ಟ್ರೂ ಆರ್‌ಎಂಎಸ್ ಆಗಿರಲಿ. ಯುಪಿಎಸ್, ವಿಎಫ್‌ಡಿ (ಮೋಟರಿನ ವೇಗ ಬದಲಿಸುವ ಸಾಧನ), ಎಲ್‌ಇಡಿ ಡ್ರೈವರ್‌ಗಳ ಕರೆಂಟ್ ಅಲೆ ವಿಕಾರವಾಗಿರುವುದರಿಂದ ಸಾದಾ ಮೀಟರ್ ತಪ್ಪು ತೋರಿಸುತ್ತದೆ.

ಹೀಗೆ ಅಳೆದಾಗ ಸಿಕ್ಕಿಬೀಳುವುದು ಹೆಚ್ಚಾಗಿ ಇವು. ಎಎಚ್‌ಯು (ಎ.ಸಿ.ಯ ತಣ್ಣನೆ ಗಾಳಿಯನ್ನು ಮಹಡಿಗೆ ಬೀಸುವ ಯಂತ್ರ) ಫ್ಯಾನಿನ ಸ್ವಿಚ್ ‘ಆಟೋ’ದಲ್ಲಿರಬೇಕಾದದ್ದು ‘ಹ್ಯಾಂಡ್’ನಲ್ಲಿರುತ್ತದೆ. ಯಾವಾಗಲೋ ಸೆಕೆ ಎಂದು ದೂರು ಬಂದಾಗ ತಿರುಗಿಸಿದ್ದು, ಮತ್ತೆ ಯಾರೂ ಮುಟ್ಟಿಲ್ಲ. ವಿಎಫ್‌ಡಿ ಕೆಟ್ಟಾಗ ಬೈಪಾಸ್‌ಗೆ, ಅಂದರೆ ನೇರ ಕರೆಂಟಿನ ಪೂರ್ಣ ವೇಗಕ್ಕೆ, ಹಾಕಿದ್ದು ಹಾಗೇ ಉಳಿದಿರುತ್ತದೆ. ಫ್ಯಾನಿನ ವಿದ್ಯುತ್ ವೇಗದ ಘನಕ್ಕೆ ತಕ್ಕಂತೆ ಬದಲಾಗುತ್ತದೆ, ಶೇ. 80 ವೇಗಕ್ಕೆ ಬೇಕಾದದ್ದು ಪೂರ್ಣ ವೇಗದ ಶೇ. 51 ಮಾತ್ರ. ಹಾಗಾಗಿ ಶೇ. 80ರಲ್ಲಿ ಓಡಬೇಕಾದದ್ದು ಬೈಪಾಸ್‌ನಲ್ಲಿ ಓಡಿದರೆ ಖರ್ಚು ಹತ್ತಿರ ಹತ್ತಿರ ಎರಡು ಪಟ್ಟು. ನೆಲಮಾಳಿಗೆಯ ಪಾರ್ಕಿಂಗ್ ಫ್ಯಾನುಗಳು ಇನ್ನೊಂದು ಕಡೆ. ಅವನ್ನು ಕಾರ್ಬನ್ ಮೊನಾಕ್ಸೈಡ್ ಸೆನ್ಸರ್ ನಡೆಸಬೇಕು. ಸೆನ್ಸರಿನ ಕ್ಯಾಲಿಬ್ರೇಷನ್ ತಪ್ಪಿದರೆ ರಾತ್ರಿಯಿಡೀ ಗಾಳಿ ಬೀಸುತ್ತಿರುತ್ತವೆ. ಎರಡು ಸರ್ವರ್ ರ‍್ಯಾಕಿಗಾಗಿ ಇಡೀ ಮಹಡಿಯ ಚಿಲ್ಲರ್ (ಎ.ಸಿ.ಗೆ ನೀರು ತಣಿಸುವ ಯಂತ್ರ) ಓಡುತ್ತಿದ್ದರೆ ಆ ಕೋಣೆಗೆ ಸಣ್ಣದೊಂದು ಪ್ರತ್ಯೇಕ ಎ.ಸಿ. ಹಾಕುವುದೇ ಸರಿ. ಯುಪಿಎಸ್ ಅಗತ್ಯಕ್ಕಿಂತ ದೊಡ್ಡದಿದ್ದು ಶೇ. 10ರ ಲೋಡಿನಲ್ಲಿ ಕೂತಿದ್ದರೆ ದಕ್ಷತೆ ಕುಸಿದಿರುತ್ತದೆ, ಆ ನಷ್ಟವೆಲ್ಲ ಶಾಖವಾಗಿ ಮತ್ತೆ ಎ.ಸಿ.ಯ ಮೇಲೆ ಬೀಳುತ್ತದೆ.

ಪ್ರಮಾಣಪತ್ರ ಇರುವ ಕಟ್ಟಡದಲ್ಲೂ ಹೀಗಾಗುವುದಕ್ಕೆ ಕಾರಣವಿದೆ. ಹಸಿರು ಕಟ್ಟಡಗಳಿಗೆ ಅಂಕ ಕೊಡುವ ಲೀಡ್ (LEED) ಪದ್ಧತಿಯಲ್ಲಿ 110ರಲ್ಲಿ 40 ಅಂಕಕ್ಕೆ ಪ್ರಮಾಣಪತ್ರ, 50ಕ್ಕೆ ಸಿಲ್ವರ್, 60ಕ್ಕೆ ಗೋಲ್ಡ್, 80ಕ್ಕೆ ಪ್ಲಾಟಿನಂ. ಹೊಸ ಕಟ್ಟಡದ ಶಕ್ತಿ ಉಳಿತಾಯದ ಅಂಕಗಳು ಸಾಮಾನ್ಯವಾಗಿ ಕಂಪ್ಯೂಟರ್ ಮಾಡೆಲಿನಿಂದ ಬರುತ್ತವೆ: ಅದೇ ಗಾತ್ರದ, ಕನಿಷ್ಠ ನಿಯಮಕ್ಕೆ ಹೊಂದುವ ಕಲ್ಪಿತ ಕಟ್ಟಡಕ್ಕಿಂತ ಇದು ಎಷ್ಟು ಕಡಿಮೆ ಬಳಸುತ್ತದೆ ಎಂಬ ಹೋಲಿಕೆ. ಮಾಡೆಲಿನಲ್ಲಿ ಎಎಚ್‌ಯು ಸಂಜೆ ಹೇಳಿದ ಹೊತ್ತಿಗೆ ನಿಲ್ಲುತ್ತದೆ. ‘ಹ್ಯಾಂಡ್’ ಸ್ವಿಚ್ ಅಲ್ಲಿ ಇಲ್ಲವೇ ಇಲ್ಲ. ಜರ್ಮನಿಯಲ್ಲಿ ಹುಟ್ಟಿದ ಪ್ಯಾಸಿವ್ ಹೌಸ್ ಮಾನದಂಡ ಹೋಲಿಕೆ ಬಿಟ್ಟು ನೇರ ಮಿತಿ ಹಾಕುತ್ತದೆ: ಕಟ್ಟಡದ ಒಳಗೆ ಬಿಸಿ ಮಾಡಲು ಚದರ ಮೀಟರಿಗೆ ವರ್ಷಕ್ಕೆ 15 ಯೂನಿಟ್, 50 ಪ್ಯಾಸ್ಕಲ್ ಒತ್ತಡದಲ್ಲಿ ಗಂಟೆಗೆ ಒಳಗಿನ ಒಟ್ಟು ಗಾಳಿಯ 0.6 ಪಟ್ಟಿಗಿಂತ ಹೆಚ್ಚು ಸೋರಬಾರದು. ಸೋರಿಕೆಯನ್ನು ಬಾಗಿಲಿಗೆ ಫ್ಯಾನ್ ಕಟ್ಟಿ, ಕಟ್ಟಿದ ಕಟ್ಟಡದಲ್ಲೇ ಅಳೆಯಬೇಕು. ಈ ಒಂದು ಕಾರಣಕ್ಕೆ ಅದರ ಬಗ್ಗೆ ನಮಗೆ ಗೌರವ. ಆ ಪರೀಕ್ಷೆಯನ್ನು ಫಾಲ್ಸ್ ಸೀಲಿಂಗ್ ಹಾಕುವ ಮುಂಚೆ ಒಮ್ಮೆ ಮಾಡಿಸಿ. ಆಮೇಲೆ ಸೋರುವ ಸಂದಿ ಕೈಗೆ ಸಿಗುವುದಿಲ್ಲ.

ಹಗಲಿನ ಲೋಡಿನಲ್ಲಿ ದೊಡ್ಡ ತಪ್ಪು ಗಾಜಿನದ್ದು. ಪಡುವಣದ ಗಾಜಿನ ಮೇಲೆ ಸಂಜೆ ಚದರ ಮೀಟರಿಗೆ 600 ವ್ಯಾಟ್ ಬಿಸಿಲು ಬಿದ್ದರೆ, ಶಾಖ ಗುಣಾಂಕ (ಬಿದ್ದ ಬಿಸಿಲಿನಲ್ಲಿ ಒಳಬರುವ ಪಾಲು) 0.8 ಇರುವ ಸಾದಾ ಗಾಜು 480 ವ್ಯಾಟ್ ಒಳಬಿಡುತ್ತದೆ, 0.25ರದ್ದು 150 ವ್ಯಾಟ್. ಹತ್ತು ಚದರ ಮೀಟರಿಗೆ ವ್ಯತ್ಯಾಸ 3.3 ಕಿಲೋವ್ಯಾಟ್, ಅಂದರೆ ಹೆಚ್ಚುಕಡಿಮೆ ಒಂದು ಟನ್ ಎ.ಸಿ. ಹೊರಗೆ ನೆರಳು ಹಾಕುವುದು ಇದಕ್ಕಿಂತಲೂ ಒಳ್ಳೆಯದು. ಒಳಗಿನ ಪರದೆ ಬಿಸಿಲನ್ನು ತಡೆಯುವ ಹೊತ್ತಿಗೆ ಶಾಖ ಗಾಜು ದಾಟಿ ಬಂದಾಗಿರುತ್ತದೆ.

ಇಷ್ಟಾದ ಮೇಲೆ ಸೋಲಾರ್. ಸ್ಟ್ರಿಂಗ್ (ಸಾಲಾಗಿ ಜೋಡಿಸಿದ ಪ್ಯಾನೆಲ್‌ಗಳ ಸರಣಿ) ಲೆಕ್ಕದಲ್ಲಿ ಆಗುವ ತಪ್ಪು ಇನ್ವರ್ಟರನ್ನೇ ಸುಡುತ್ತದೆ. ಪ್ಯಾನೆಲಿನ ಓಪನ್ ಸರ್ಕ್ಯೂಟ್ ವೋಲ್ಟೇಜ್ (ಲೋಡ್ ಇಲ್ಲದಾಗಿನ ವೋಲ್ಟೇಜ್) 49, ಇನ್ವರ್ಟರಿನ ಮಿತಿ 1000. 20 ಪ್ಯಾನೆಲ್ ಸೇರಿಸಿದರೆ 980, ಸರಿಹೋಯಿತು ಅನ್ನಿಸುತ್ತದೆ. ಆದರೆ 49 ಎಂಬುದು ಸೆಲ್ 25 ಡಿಗ್ರಿಯಲ್ಲಿದ್ದಾಗಿನ ಅಂಕಿ. ತಾಪ ಒಂದು ಡಿಗ್ರಿ ಇಳಿದರೆ ವೋಲ್ಟೇಜ್ ಶೇ. 0.28 ಏರುವ ಪ್ಯಾನೆಲ್ ಆದರೆ, 5 ಡಿಗ್ರಿಯ ಮುಂಜಾನೆ ಅದೇ ಸ್ಟ್ರಿಂಗ್ 1035 ವೋಲ್ಟ್. ಆ ಜಾಗದ ಅತಿ ಕಡಿಮೆ ತಾಪಮಾನ ಹಿಡಿದೇ ಲೆಕ್ಕ ಮಾಡಿ. ಇಲ್ಲಿ 18 ಪ್ಯಾನೆಲ್ ಸುರಕ್ಷಿತ. ಬೇಸಿಗೆಯ ಕಥೆ ತಿರುಗುಮುರುಗು: ಸೆಲ್ 65 ಡಿಗ್ರಿಗೆ ಕಾದರೆ, ಡಿಗ್ರಿಗೆ ಶೇ. 0.35ರಂತೆ ಉತ್ಪಾದನೆ ಶೇ. 14 ಬೀಳುತ್ತದೆ. ಅದಕ್ಕೇ ಪ್ಯಾನೆಲನ್ನು ಚಾವಣಿಗೆ ಅಂಟಿಸಿದಂತೆ ಕೂರಿಸಬಾರದು, ಕೆಳಗೆ ಗಾಳಿಯಾಡಬೇಕು. ಕನೆಕ್ಟರಿನ ಗಂಡು ಒಂದು ಕಂಪನಿಯದ್ದು, ಹೆಣ್ಣು ಇನ್ನೊಂದರದ್ದು ಹಾಕಬೇಡಿ. ಕೂರುತ್ತದೆ, ಕ್ಲಿಕ್ ಎನ್ನುತ್ತದೆ, ಆದರೆ ಒಳಗೆ ಲೋಹದ ಸ್ಪರ್ಶ ಸಡಿಲವಾಗಿ ಕಾದು ಕರಗುತ್ತದೆ. ಸೋಲಾರ್ ಚಾವಣಿಗಳ ಬೆಂಕಿಗೆ ಇದೂ ಒಂದು ಕಾರಣ.

ಡೀಸೆಲ್ ಜನರೇಟರ್ ಇರುವ ಕಡೆ ಇನ್ನೊಂದು ಎಚ್ಚರ. ಯೂನಿಟ್‌ಗೆ 0.25ರಿಂದ 0.3 ಲೀಟರ್ ಹಿಡಿದರೆ ಅದರ ಹೊಗೆ ಸುಮಾರು 700–800 ಗ್ರಾಂ, ಕಲ್ಲಿದ್ದಲಿಗೆ ಹತ್ತಿರ. ಕರೆಂಟ್ ಹೋದಾಗ ಸೋಲಾರ್ ಜನರೇಟರಿನ ಜೊತೆ ಸಿಂಕ್ ಆಗಿ ಅದರ ಲೋಡನ್ನು ಕಿತ್ತುಕೊಂಡರೆ, ಶೇ. 30ಕ್ಕಿಂತ ಕೆಳಗೆ ಓಡುವ ಎಂಜಿನ್ ಪೂರ್ತಿ ಉರಿಯದ ಡೀಸೆಲನ್ನು ಸೈಲೆನ್ಸರಿನಲ್ಲಿ ಕಪ್ಪು ಎಣ್ಣೆಯಾಗಿ ಕಟ್ಟಿಕೊಳ್ಳುತ್ತದೆ. ಲೋಡ್ ಇನ್ನೂ ಇಳಿದರೆ ಕರೆಂಟ್ ಜನರೇಟರಿಗೇ ವಾಪಸ್ ನುಗ್ಗುತ್ತದೆ. ಸೋಲಾರನ್ನು ತಗ್ಗಿಸುವ ಕಂಟ್ರೋಲರ್ ಇಲ್ಲದೆ ಎರಡನ್ನೂ ಒಂದೇ ಬಸ್‌ಬಾರಿಗೆ (ಕರೆಂಟ್ ಹಂಚುವ ಲೋಹದ ಪಟ್ಟಿಗೆ) ಸೇರಿಸಬೇಡಿ.

ಹಸ್ತಾಂತರದ ಹೊತ್ತಿಗೆ ಎ.ಸಿ., ಬೆಳಕು, ಪ್ಲಗ್, ಲಿಫ್ಟ್, ಪಂಪ್, ಸೋಲಾರ್ ಪ್ರತಿಯೊಂದಕ್ಕೂ ಬೇರೆ ಸಬ್ ಮೀಟರ್ ಇರಬೇಕು, ಮತ್ತು ಅವೆಲ್ಲ ಸರಿಯಾಗಿ ಓದುತ್ತಿರಬೇಕು. ಸಬ್ ಮೀಟರುಗಳ ಮೊತ್ತವನ್ನು ಮುಖ್ಯ ಮೀಟರಿನ ಜೊತೆ ಒಂದು ವಾರ ತಾಳೆ ನೋಡಿ. ಶೇ. 5ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಮೊದಲು ಸಿ.ಟಿ.ಗಳನ್ನು (ದೊಡ್ಡ ಕರೆಂಟನ್ನು ಮೀಟರಿಗೆ ತಕ್ಕಂತೆ ಇಳಿಸುವ ಟ್ರಾನ್ಸ್‌ಫಾರ್ಮರುಗಳನ್ನು) ನೋಡಿ: 200/5ರ ಸಿ.ಟಿ. ಹಾಕಿ ಮೀಟರಿನಲ್ಲಿ 100/5 ಎಂದು ತುಂಬಿಸಿದ್ದರೆ ಓದು ಅರ್ಧಕ್ಕೆ ಇಳಿಯುತ್ತದೆ. ಮೂರರಲ್ಲಿ ಒಂದು ಸಿ.ಟಿ. ಉಲ್ಟಾ ಕೂತಿದ್ದರೆ ಆ ಫೇಸ್ ಕಳೆದು, ಮೂರರಲ್ಲಿ ಒಂದು ಭಾಗ ಮಾತ್ರ ಕಾಣುತ್ತದೆ. ಈ ತಪ್ಪು ಉಳಿದರೆ ಮುಂದಿನ ಎಲ್ಲ ವರದಿಯಲ್ಲೂ ಕಟ್ಟಡ ಉಳಿತಾಯ ಮಾಡುತ್ತಿರುವಂತೆ ಕಾಣುತ್ತಲೇ ಇರುತ್ತದೆ.