ಹಗ್ಗದ ಚೀಲದಲ್ಲಿ ಇಳಿದು ಬಂದ ಯುಗಾದಿ

2020ರ ಮಾರ್ಚ್ 24, ಮಂಗಳವಾರ. ರಾತ್ರಿ ಎಂಟಕ್ಕೆ ಪ್ರಧಾನಿ ಟಿವಿಯಲ್ಲಿ ಮಾತಾಡಿದರು. ಮಧ್ಯರಾತ್ರಿಯಿಂದ 21 ದಿನ ಇಡೀ ದೇಶ ಬಂದ್. ಆಗ ನಾನು ಕೋಲ್ಕತ್ತದ ಜಾದವಪುರದ ಬಾಡಿಗೆ ಮನೆಯಲ್ಲಿ ಕಡಲೆಬೇಳೆ ಡಬ್ಬಿ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆ. ಬೆಳಗಾದರೆ ಯುಗಾದಿ.

ಆ ಊರಿಗೆ ಬಂದು ಎರಡೂವರೆ ತಿಂಗಳಾಗಿತ್ತು ಅಷ್ಟೆ. ನಮ್ಮ ಮನೆಯವರಿಗೆ ಅಲ್ಲಿಗೆ ವರ್ಗವಾಗಿತ್ತು. ಮಾರ್ಚ್ ಮೊದಲ ವಾರ ರಾಣೆಬೆನ್ನೂರಿನಲ್ಲಿ ಮಾವನವರು ಬಚ್ಚಲಲ್ಲಿ ಜಾರಿ ಬಿದ್ದು ತೊಡೆ ಮೂಳೆ ಮುರಿದುಕೊಂಡರು. ಆಪರೇಷನ್ ಆಗಬೇಕು ಅಂತ ಇವರು ಹೊರಟರು. ವಾಪಸ್ ಬರಲು 23ನೇ ತಾರೀಖಿಗೆ ಯಶವಂತಪುರದಿಂದ ಹೌರಾಕ್ಕೆ ಟಿಕೆಟ್ ಆಗಿತ್ತು. 22ಕ್ಕೆ ಜನತಾ ಕರ್ಫ್ಯೂ. ಆ ರಾತ್ರಿಯಿಂದಲೇ ದೇಶದ ಪ್ರಯಾಣಿಕರ ರೈಲೆಲ್ಲ ನಿಂತವು. ಅವರು ಅಲ್ಲೇ ಉಳಿದರು. ನಾನು, ನಾಲ್ಕು ವರ್ಷದ ಮಗಳು ಇಲ್ಲಿ. ನಡುವೆ ಹತ್ತಿರ ಹತ್ತಿರ ಎರಡು ಸಾವಿರ ಕಿಲೋಮೀಟರ್.

ಕೋಲ್ಕತ್ತದಲ್ಲಿ ನಮ್ಮ ಕಡೆಯ ಸಾಮಾನು ಬೇಕು ಅಂದರೆ ಲೇಕ್ ಮಾರ್ಕೆಟ್‌ಗೆ ಹೋಗಬೇಕು. ಮೊದಲಿನಿಂದಲೂ ತಮಿಳರು ಜಾಸ್ತಿ ಇರುವ ಜಾಗ ಅದು. ಬಾಳೆ ಎಲೆ, ಫಿಲ್ಟರ್ ಕಾಫಿ ಪುಡಿ, ಬಿಡಿ ಹೂವು, ಎಲ್ಲ ಸಿಗುತ್ತವೆ. ಸೋಮವಾರ ಹೋಗಿ ಬರೋಣ ಅಂದುಕೊಂಡಿದ್ದೆ. ಆದರೆ ಮಗಳಿಗೆ ಕೆಮ್ಮು. ಅವಳನ್ನು ಬಿಟ್ಟು ಹೋಗೋಣ ಅಂದರೆ ಯಾರೂ ಇಲ್ಲ. ಕೆಮ್ಮುವ ಮಗುವನ್ನು ಎತ್ತಿಕೊಂಡು ಆ ದಿನಗಳಲ್ಲಿ ಬಸ್ಸು ಹತ್ತುವುದು ಹೇಗೆ ಹೇಳಿ? ಸೋಮವಾರ ಸಂಜೆ ಐದಕ್ಕೇ ರಾಜ್ಯ ಸರ್ಕಾರ ಕೋಲ್ಕತ್ತವನ್ನು ಬಂದ್ ಮಾಡಿತು. ದೇಶಕ್ಕಿಂತ ಒಂದು ದಿನ ಮೊದಲೇ ನಾವು ಒಳಗೆ ಕೂತೆವು.

ಮೆಟ್ಟಿಲಲ್ಲಿ ಮಗಳು ಕೆಮ್ಮಿದಾಗ ಎದುರು ಮನೆಯ ಬಾಗಿಲು ಮುಚ್ಚಿಕೊಂಡ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಅವರದು ತಪ್ಪು ಅಂತ ನಾನು ಹೇಳುವುದಿಲ್ಲ. ಅವರ ಮನೆಯಲ್ಲೂ ವಯಸ್ಸಾದವರಿದ್ದರು. ಆದರೆ ಅವತ್ತಿನಿಂದ ಮಗಳಿಗೆ ಕೆಮ್ಮು ಬಂದಾಗೆಲ್ಲ ನನ್ನ ಸೆರಗಿನಿಂದ ಅವಳ ಬಾಯಿ ಮುಚ್ಚುತ್ತಿದ್ದೆ. ಮನೆಯೊಳಗೂ ಮುಚ್ಚುತ್ತಿದ್ದೆ.

ರಾತ್ರಿ ಅವ್ವ ಫೋನ್ ಮಾಡಿದಳು. ಬೇವೂ ಇಲ್ಲ, ಬೆಲ್ಲವೂ ಇಲ್ಲ, ಮೂಲೆ ಅಂಗಡಿಯಲ್ಲಿ ಎಲ್ಲ ಖಾಲಿ, ಸಕ್ಕರೆ ಹಾಕಿ ಏನಾದರೂ ಸಿಹಿ ಮಾಡುತ್ತೇನೆ ಅಂದೆ.

“ಸಿಹಿ ಹೆಂಗರೆ ಆಗ್ಲಿ. ಬೇವಿಲ್ಲದ ಯುಗಾದಿ ಮಾಡಬ್ಯಾಡ ಯವ್ವಾ. ಒಂದು ಎಲಿ ಆದ್ರೂ ಬಾಯಾಗ ಹಾಕ್ಕೋ. ಈ ವರ್ಷ ಅಂತೂ ಬೇಕ ಬೇಕು ನೋಡು.”

ಬೇವಿನ ಮರ ನನ್ನ ಕಣ್ಣೆದುರಿಗೇ ಇತ್ತು. ಓಣಿಯ ಆಚೆ ಬದಿಯಲ್ಲಿ ಹಳೇ ಕಾಲದ ಎರಡಂತಸ್ತಿನ ಮನೆ. ಹಸಿರು ಬಣ್ಣದ ಮರದ ಪಟ್ಟಿಯ ಕಿಟಕಿಗಳು, ಕಬ್ಬಿಣದ ಸರಳಿನ ಬಾಲ್ಕನಿ. ಕಾಂಪೌಂಡಿನ ಒಳಗೆ ಹುಟ್ಟಿ ಅರ್ಧ ಓಣಿಯ ಮೇಲೆ ಚಾಚಿಕೊಂಡ ಬೇವು. (ಆ ಮರ ಈಗ ಇಲ್ಲ. ಅದೇ ವರ್ಷ ಮೇ 20ರಂದು ಅಂಫನ್ ಚಂಡಮಾರುತಕ್ಕೆ ಕೋಲ್ಕತ್ತದಲ್ಲಿ ಸಾವಿರಾರು ಮರ ಬಿದ್ದವು. ಇದೂ ಬಿತ್ತು. ಬೆಳಿಗ್ಗೆ ಎದ್ದು ನೋಡಿದರೆ ನಮ್ಮ ಕಿಟಕಿಯಲ್ಲಿ ಬರೀ ಆಕಾಶ.) ಆ ಮನೆಯವರ ಪರಿಚಯ ನನಗಿರಲಿಲ್ಲ. ಬಿಳಿ ಕೂದಲಿನ ಒಬ್ಬ ಅಜ್ಜಿ ಸಂಜೆ ಬಾಲ್ಕನಿಯಲ್ಲಿ ಕೂರುವುದನ್ನು ನೋಡಿದ್ದೆ, ಅಷ್ಟೆ. ನಕ್ಕಿದ್ದೂ ಇಲ್ಲ, ಮಾತಾಡಿದ್ದೂ ಇಲ್ಲ.

ಬುಧವಾರ ಐದೂಮುಕ್ಕಾಲಿಗೆ ಎದ್ದು ಕೆಳಗಿಳಿದೆ. ಪೂರ್ವದ ಊರು, ಬೆಳಕು ಬೇಗ ಬರುತ್ತದೆ. ಓಣಿಯಲ್ಲಿ ಒಬ್ಬರೂ ಇಲ್ಲ. ದಿನಾ ಅಷ್ಟೊತ್ತಿಗೆ ಸೈಕಲ್ ರಿಕ್ಷಾದವರ ಗಂಟೆ, ಮೀನು ಮಾರುವವರ ಕೂಗು ಇರುತ್ತಿತ್ತು. ಅವತ್ತು ಕಾಗೆ ಮಾತ್ರ. ಮರದ ಕೆಳಗೆ ನಿಂತು ಕೈ ಚಾಚಿದೆ. ಎಟುಕಲಿಲ್ಲ. ಕಾಲ್ಬೆರಳ ಮೇಲೆ ನಿಂತು ದುಪಟ್ಟಾವನ್ನು ಕೊಂಬೆಗೆ ಎಸೆದು ಎಳೆಯೋಣ ಅಂತ ನೋಡಿದೆ. ಅಷ್ಟರಲ್ಲಿ ಮೇಲಿನಿಂದ ದನಿ ಬಂತು.

“ಕೇ? ಕೇ ಓಖಾನೇ?”

ಯಾರು ಅಲ್ಲಿ ಅಂತ. ನನ್ನ ಎದೆ ಧಸಕ್ಕೆಂದಿತು. ಹಬ್ಬದ ದಿನ ಕದಿಯಲು ಬಂದವಳ ಹಾಗೆ ಸಿಕ್ಕಿಬಿದ್ದೆನಲ್ಲ ಅನಿಸಿ ಕಣ್ಣಲ್ಲಿ ನೀರು ಬಂತು. ನನಗೆ ಆಗ ಬಂಗಾಳಿ ಬರುತ್ತಿದ್ದದ್ದು ಹತ್ತೋ ಹನ್ನೆರಡೋ ಮಾತು. ತಲೆ ಎತ್ತಿ, “ನಿಮ್ ಪಾತಾ... ಪೂಜೋ... ಆಜ್ ನಯಾ ಸಾಲ್” ಅಂತ ಬಂದ ಭಾಷೆಯನ್ನೆಲ್ಲ ಕಲಸಿ ಹೇಳಿದೆ. ಬೇವಿನೆಲೆ, ಪೂಜೆ, ಇವತ್ತು ಹೊಸ ವರ್ಷ ಅಂತ.

ಅಜ್ಜಿ ಸರಳು ಹಿಡಿದು ಬಗ್ಗಿ ಒಂದು ಗಳಿಗೆ ನನ್ನನ್ನೇ ನೋಡಿದರು. ಆಮೇಲೆ, “ದಾಂಡಾವ್ ಮಾ, ದಾಂಡಾವ್” ಅಂದರು. ನಿಲ್ಲಮ್ಮಾ, ನಿಲ್ಲು.

ಅವರು ಒಳಗೆ ಹೋದರು. ನಾನು ಆ ಒಂದು ‘ಮಾ’ ಹಿಡಿದುಕೊಂಡು ಅಲ್ಲೇ ನಿಂತೆ. ಬಂಗಾಳದಲ್ಲಿ ವಯಸ್ಸಾದವರು ಮಗಳ ವಯಸ್ಸಿನವರನ್ನು ಮಾ ಅನ್ನುತ್ತಾರೆ. ನಮ್ಮ ಅವ್ವ ನನ್ನನ್ನು ಯವ್ವಾ ಅನ್ನುವುದಿಲ್ಲವಾ, ಹಾಗೇ. ಹೆತ್ತವಳೇ ಮಗಳನ್ನು ಅವ್ವಾ ಅಂತ ಕರೆಯುವುದು ನಮ್ಮ ಕಡೆ ಮಾತ್ರ ಅಂದುಕೊಂಡಿದ್ದೆ.

ಹತ್ತು ನಿಮಿಷ ಆಗಿರಬಹುದು. ಮೇಲೆ ಕತ್ತರಿಯ ಸದ್ದು ಕೇಳಿತು. ಬಾಲ್ಕನಿಯ ಇನ್ನೊಂದು ಮೂಲೆಗೆ ತಾಗಿದ್ದ ಕೊಂಬೆಯಿಂದ ಅವರು ಚಿಗುರು ಕತ್ತರಿಸುತ್ತಿದ್ದರು. ಆಮೇಲೆ ನೈಲಾನ್ ಹಗ್ಗಕ್ಕೆ ಕಟ್ಟಿದ ಚೀಲ ನಿಧಾನವಾಗಿ ಕೆಳಗಿಳಿಯಿತು. ಕೋಲ್ಕತ್ತದ ಹಳೇ ಮನೆಗಳಲ್ಲಿ ಇದು ಮಾಮೂಲು. ಮೆಟ್ಟಿಲು ಇಳಿಯಲಾಗದವರು ಮೇಲಿನಿಂದ ಚೀಲ ಬಿಡುತ್ತಾರೆ, ತರಕಾರಿಯವರು, ಪೇಪರಿನವರು ಅದರಲ್ಲೇ ಹಾಕಿ ಕಳಿಸುತ್ತಾರೆ. ಇವರ ಚೀಲದ ಮೇಲೆ ನೀಲಿ ಬಿಳಿ ಚೌಕಳಿ ಇತ್ತು. ಒಂದು ಕಿವಿ ಹರಿದು ದಾರದಿಂದ ಹೊಲಿದಿದ್ದರು.

ಒಳಗೆ ಪೇಪರಿನಲ್ಲಿ ಸುತ್ತಿದ ಬೇವು. ಬಲಿತ ಎಲೆ ಒಂದೂ ಇರಲಿಲ್ಲ. ಎಲ್ಲ ತಾಮ್ರದ ಬಣ್ಣದ ಎಳೆ ಚಿಗುರು, ಬೆರಳಿಗೆ ತಾಗಿದರೆ ಅಂಟು ಅಂಟು. ಮೂರು ನಾಲ್ಕು ಗೊಂಚಲಿನಲ್ಲಿ ಸಾಸಿವೆಯಷ್ಟು ಮೊಗ್ಗು, ಒಂದೆರಡು ಬಿಳಿ ಹೂವು. ಅದರ ಕೆಳಗೆ ಐದೆಲೆಯ ಒಂದು ಮಾವಿನ ಕುಡಿ. ಅದನ್ನು ನಾನು ಕೇಳಿಯೇ ಇರಲಿಲ್ಲ! ಬಂಗಾಳದವರು ಪೂಜೆಯ ಕಲಶಕ್ಕೆ ಇಡುವುದು ಅದನ್ನೇ. ಪೂಜೋ ಅಂದೆನಲ್ಲ, ಅದಕ್ಕೆ ದೇವರ ಮನೆಯಿಂದ ತಂದು ಹಾಕಿದ್ದರು.

“ಸಾಬಾನ್ ದಿಯೇ ಹಾಥ್ ಧೋಬೇ” ಅಂತ ಮೇಲಿನಿಂದ ಕೂಗಿ ಕೈ ಉಜ್ಜಿ ತೋರಿಸಿದರು. ಸೋಪು ಹಾಕಿ ಕೈ ತೊಳಕೋ.

ಮಗಳಿಗೆ ಎಣ್ಣೆ ಹಚ್ಚಿ ಸ್ನಾನ ಮಾಡಿಸಿದೆ. ಬಾಗಿಲಿಗೆ ತೋರಣ ಕಟ್ಟಿದೆ. ಮಾವಿನ ಕುಡಿ ನಡುವೆ, ಎರಡೂ ಕಡೆ ಬೇವು. ಒಂಬತ್ತರ ಹೊತ್ತಿಗೆ ಅಪ್ಪ ವಿಡಿಯೊ ಕಾಲ್‌ನಲ್ಲಿ ಪಂಚಾಂಗ ಓದಿದರು. ವಿಕಾರಿ ಮುಗಿದು ಶಾರ್ವರಿ ಸಂವತ್ಸರ ಬಂದಿತ್ತು. “ಶಾರ್ವರಿ ಅಂದ್ರ ರಾತ್ರಿ ಅಂತ ಅರ್ಥ” ಅಂದು ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ ಬೇವು ತಿನ್ನುವಾಗ ಹೇಳುವ ಶ್ಲೋಕ ಹೇಳಿಸಿದರು. ಮಗಳು ‘ನಿಂಬಕಂ ದಳಭಕ್ಷಣಂ’ ಅನ್ನುವಷ್ಟನ್ನೇ ಮತ್ತೆ ಮತ್ತೆ ಹೇಳುತ್ತಾ ಕಿಟಕಿಗೆ ಹೋದಳು.

ಎದುರು ಬಾಲ್ಕನಿಯಲ್ಲಿ ಅಜ್ಜಿ ಇದ್ದರು. ನನ್ನ ಮಗಳು ಪ್ಲೇ ಹೋಮಿಗೆ ಹೋಗಿದ್ದು ಎರಡೇ ತಿಂಗಳು, ಆದರೂ ನನಗಿಂತ ಚೆನ್ನಾಗಿ ಬಂಗಾಳಿ ಕಲಿತಿದ್ದಳು. ಇಬ್ಬರೂ ಓಣಿಯ ಆಚೆ ಈಚೆ ಮಾತಿಗೆ ಕೂತರು. ನಾನು ಅಡುಗೆಮನೆಯಲ್ಲಿ ಬೇಳೆ ಬೇಯಿಸುತ್ತಿದ್ದೆ. ಸಕ್ಕರೆ ಹೂರಣ ಮಾಡುವುದು ಅಂತ ತೀರ್ಮಾನ ಆಗಿತ್ತು. ಮಗಳು “ಗುಡ್ ನೇಇ, ಗುಡ್ ನೇಇ” ಅನ್ನುವುದು ಕೇಳಿಸಿತು. ಬೆಲ್ಲ ಇಲ್ಲ ಅಂತ ನಮ್ಮ ಮನೆ ವಿಷಯವನ್ನೆಲ್ಲ ಹೇಳಿಬಿಟ್ಟಿದ್ದಳು.

ಮತ್ತೆ ಹಗ್ಗ ಇಳಿಯಿತು.

ಈ ಸಲ ಚೀಲದಲ್ಲಿ ಸ್ಟೀಲ್ ಡಬ್ಬಿ. ಡಬ್ಬಿಯೊಳಗೆ ಕಪ್ಪುಗೆಂಪು ಬಣ್ಣದ ಅಂಗೈ ಅಗಲದ ಒಂದು ಅಚ್ಚು. ಮುಚ್ಚಳ ತೆಗೆದ ಕೂಡಲೇ ಹೊಗೆಯ ವಾಸನೆ, ಅದರ ಹಿಂದೆಯೇ ಕಾಫಿಯಂಥ ಒಂದು ಘಮ. ಖೇಜೂರ್ ಗುಡ್. ನಮ್ಮ ಈಚಲು ಮರದ ಬೆಲ್ಲ. ನಮ್ಮಲ್ಲಿ ಈಚಲು ಅಂದರೆ ಹೆಂಡದ ಮಾತೇ ಬರುತ್ತದೆ, ಅಲ್ವಾ? ಬಂಗಾಳದಲ್ಲಿ ಚಳಿಗಾಲದ ರಾತ್ರಿ ಮರಕ್ಕೆ ಮಡಕೆ ಕಟ್ಟುತ್ತಾರೆ. ಬಿಸಿಲೇರಿದರೆ ರಸ ಹುಳಿಯಾಗುತ್ತದೆ. ಅದಕ್ಕೇ ನಸುಕಿನಲ್ಲೇ ಇಳಿಸಿ ಅಗಲವಾದ ಬಾಣಲೆಯಲ್ಲಿ ಗಂಟೆಗಟ್ಟಲೆ ಕಾಯಿಸುತ್ತಾರೆ. ಚಳಿ ಹೋದರೆ ಮುಗಿಯಿತು, ಹೊಸದು ಬರುವುದು ಮುಂದಿನ ಚಳಿಗಾಲಕ್ಕೇ. ಮನೆಯವರು ಕೊನೆಯ ಅಚ್ಚನ್ನು ಜೋಪಾನ ಮಾಡಿ ಇಟ್ಟುಕೊಳ್ಳುತ್ತಾರೆ. ಮಾರ್ಚ್ ಕೊನೆಯಲ್ಲಿ ಅಜ್ಜಿಯ ಮನೆಯಲ್ಲಿ ಉಳಿದಿದ್ದದ್ದು ಆ ಒಂದೇ ಅಚ್ಚು. ಅಂಗಡಿ ಯಾವಾಗ ತೆಗೆಯುತ್ತದೋ ಯಾರಿಗೂ ಗೊತ್ತಿಲ್ಲದ ದಿನ ಅದನ್ನು ಅರ್ಧ ಮುರಿಯದೆ ಪೂರ್ತಿ ಕೊಟ್ಟಿದ್ದರು.

ಬೇವಿನ ಹೂವು ನಾಲ್ಕು, ಚಿಗುರು ನಾಲ್ಕು, ಮೇಲೆ ಈಚಲು ಬೆಲ್ಲದ ಚೂರು. ದೇವರಿಗೆ ತೋರಿಸಿ ಬಾಯಿಗೆ ಹಾಕಿಕೊಂಡೆ. ಎಳೆ ಚಿಗುರಿನ ಕಹಿ ತಕ್ಷಣ ಗೊತ್ತಾಗುವುದಿಲ್ಲ. ಮೊದಲು ಬೆಲ್ಲದ ಹೊಗೆ ನಾಲಿಗೆಗೆ ಹತ್ತುತ್ತದೆ. ಬೆಲ್ಲ ಕರಗಿದ ಮೇಲೆ ಗಂಟಲಿನ ಹತ್ತಿರ ಕಹಿ ನಿಲ್ಲುತ್ತದೆ. ಮಗಳು ಮುಖ ಕಿವುಚಿದಳು, ಆದರೆ ಉಗುಳಲಿಲ್ಲ.

ಮಧ್ಯಾಹ್ನ ಹೋಳಿಗೆ ಆಯಿತು. ಕಟ್ಟಿನ ಸಾರೂ ಆಯಿತು. ಹೂರಣ ಯಾವತ್ತಿಗಿಂತ ಕಪ್ಪು. ಈ ಬೆಲ್ಲ ನೀರು ಬಿಡುವುದು ಜಾಸ್ತಿ, ಹಾಗಾಗಿ ಬಹಳ ಹೊತ್ತು ಮಗುಚಬೇಕಾಯಿತು. ಬೇಯುವಾಗ ಇಡೀ ಓಣಿಗೆ ಘಮ ಹೋಗಿರಬೇಕು. ಡಬ್ಬಿ ತೊಳೆದು ಆರು ಹೋಳಿಗೆ ಇಟ್ಟೆ. ಮಂದಿ ಕೊಟ್ಟ ಪಾತ್ರೆಯನ್ನು ಖಾಲಿ ವಾಪಸ್ ಕೊಡಬಾರದು ಅಂತ ಅವ್ವ ಹೇಳುತ್ತಿರುತ್ತಾಳೆ. ಆದರೆ ಕೆಳಗಿಳಿದ ಮೇಲೆ ಕಾಲು ತಡೆಯಿತು. ಕೆಮ್ಮುವ ಮಗು ಇರುವ ಮನೆಯ ತಿಂಡಿ. ಅವರಿಗೆ ಎಪ್ಪತ್ತೈದಾದರೂ ಆಗಿರಬೇಕು. ನಾನು ಮಗಳ ಕೈಯಿಂದ ಕೇಳಿಸಿದೆ: ಇವಳಿಗೆ ಕೆಮ್ಮಿದೆ, ಆದರೂ ಪರವಾಗಿಲ್ಲವಾ?

ಅಜ್ಜಿ ಏನೂ ಹೇಳಲಿಲ್ಲ. ಹಗ್ಗ ಬಿಟ್ಟರು.

ನಾವು ನೋಡುತ್ತಿದ್ದ ಹಾಗೇ ಒಂದು ಹೋಳಿಗೆ ಮುರಿದು ತಿಂದರು. “ಎ ತೋ ಆಮಾದೆರ್ ಪಿಠೇ!” ಅಂದರು. ಇದು ನಮ್ಮ ಪಿಠೆಯೇ ಅಲ್ಲವಾ! ಸಂಕ್ರಾಂತಿಗೆ ಅವರು ಇದೇ ಬೆಲ್ಲ ಹಾಕಿ ಮಾಡುವ ಸಿಹಿ ಅದು. ಆಮೇಲೆ ಮಗಳ ಕೆಮ್ಮಿಗೆ ತುಳಸಿ ಎಲೆ, ಶುಂಠಿ, ಒಂದು ಚೂರು ತಾಲ್‌ಮಿಛ್ರಿ ಕಳಿಸಿದರು. ತಾಳೆಯ ಕಲ್ಲುಸಕ್ಕರೆ ಅದು. ಬಂಗಾಳದ ಮನೆಗಳಲ್ಲಿ ಮಕ್ಕಳ ಕೆಮ್ಮಿಗೆ ಮೊದಲ ಮದ್ದು.

ಅವರನ್ನು ಮಾಶಿಮಾ ಅಂತ ಕರೆಯಲು ಶುರು ಮಾಡಿದ್ದು ಅವತ್ತಿನಿಂದ. ಅವ್ವನ ಅಕ್ಕತಂಗಿಯರನ್ನು ಕರೆಯುವ ಹೆಸರು ಅದು. ಮುಂದಿನ ವಾರಗಳಲ್ಲಿ ಆ ಚೀಲ ಎಷ್ಟು ಸಲ ಇಳಿಯಿತೋ ಲೆಕ್ಕ ಇಲ್ಲ. ಹುರಿದ ಬೇವಿನೆಲೆ, ಬದನೆಕಾಯಿ ಪಲ್ಯ ಕಳಿಸಿದಾಗ ನಾನು ದಂಗಾಗಿದ್ದೆ. ನಿಮ್ ಬೇಗುನ್. ಚೈತ್ರದಲ್ಲಿ ಅನ್ನದ ಮೊದಲ ತುತ್ತನ್ನು ಅದರ ಜೊತೆ ತಿನ್ನುತ್ತಾರಂತೆ. ನಾವು ವರ್ಷವನ್ನು ಕಹಿಯಿಂದ ಶುರು ಮಾಡಿದರೆ ಅವರು ಊಟವನ್ನೇ ಕಹಿಯಿಂದ ಶುರು ಮಾಡುತ್ತಾರೆ. ಬೊಶೊಂತೊ ಅಂದರೆ ಬಂಗಾಳಿಯಲ್ಲಿ ವಸಂತ ಋತು, ಸಿಡುಬಿಗೂ ಅದೇ ಹೆಸರು. ಈ ಕಾಲಕ್ಕೆ ಅಮ್ಮ ಏಳುತ್ತಾಳೆ, ಅದಕ್ಕೇ ಬೇವು. ಅವರ ಶೀತಲಾ, ನಮ್ಮ ದುರ್ಗಮ್ಮ, ಮಾರಮ್ಮ. ಮೈಮೇಲೆ ಅಮ್ಮ ಬಂದಿದ್ದಾಳೆ ಅಂತ ನಾವು ಅಂದರೆ, ಮಾಯೆರ್ ದೊಯಾ, ತಾಯಿಯ ದಯೆ ಅಂತ ಅವರು ಅನ್ನುತ್ತಾರೆ. ಅವತ್ತು ಬೆಳಿಗ್ಗೆ ನಾನು ಅರ್ಧಂಬರ್ಧ ಭಾಷೆಯಲ್ಲಿ ನಿಮ್ ಪಾತಾ ಅಂದಾಗ, ಯಾರು, ಯಾವ ಊರು, ಯಾಕೆ ಅಂತ ಅವರು ಒಂದು ಮಾತೂ ಕೇಳಲಿಲ್ಲವಲ್ಲ. ಊರಲ್ಲಿ ರೋಗ ಬಂದಿದೆ, ಮಗು ಇರುವ ಹೆಂಗಸು ಬೇವು ಕೇಳುತ್ತಿದ್ದಾಳೆ. ಅವರಿಗೆ ಅಷ್ಟು ಸಾಕಾಗಿತ್ತು.

ನಮ್ಮ ಮನೆಯವರು ಬಂದದ್ದು ಜೂನ್‌ನಲ್ಲಿ, ವಿಮಾನ ಶುರುವಾದ ಮೇಲೆ.

ಯುಗಾದಿಯ ಮಾರನೇ ದಿನದ್ದು ಒಂದು ಹೇಳಬೇಕು. ನಮ್ಮ ಕಡೆ ಹಬ್ಬ ಮುಗಿಯುವುದು ಚಂದ್ರನನ್ನು ನೋಡಿದ ಮೇಲೆ. ಎಳೆ ಚಂದ್ರನಿಗೆ ಕೈಮುಗಿದು, ಮನೆಯ ಹಿರಿಯರ ಕಾಲಿಗೆ ಬೀಳಬೇಕು. 26ರ ಸಂಜೆ ಮಗಳನ್ನು ಎತ್ತಿಕೊಂಡು ತಾರಸಿಗೆ ಹೋದೆ. ಗಾಡಿಗಳಿಲ್ಲದೆ ಆಕಾಶ ತೊಳೆದಿಟ್ಟ ಹಾಗಿತ್ತು. ಪಶ್ಚಿಮಕ್ಕೆ ಶುಕ್ರ ದೀಪದ ಹಾಗೆ ಹೊಳೆಯುತ್ತಿದ್ದ. ಅದರ ಕೆಳಗೆ, ನೀರಿನ ಟ್ಯಾಂಕ್ ಪಕ್ಕದಲ್ಲಿ, ಉಗುರಿನ ತುದಿಯಷ್ಟು ಚಂದ್ರ. ಕೈಮುಗಿದೆವು. ಕಾಲಿಗೆ ಬೀಳಲು ಅಲ್ಲಿ ಯಾರಿದ್ದಾರೆ?

ಕೆಳಗೆ ಎದುರಿನ ಬಾಲ್ಕನಿಯಲ್ಲಿ ಮಾಶಿಮಾ ಕೂತಿದ್ದರು. ಮಗಳು ಕೂಗಿ ಅದೇನೋ ಹೇಳಿದಳು. ಚಾಂದ್ ಅನ್ನುವುದು ಮಾತ್ರ ನನಗೆ ತಿಳಿಯಿತು. ಅವರು ಸರಳು ಹಿಡಿದು ಎದ್ದು ನಿಂತರು. ನಾನು ತಾರಸಿಯ ನೆಲಕ್ಕೆ ಹಣೆ ಮುಟ್ಟಿಸಿದೆ. ಮುಸ್ಸಂಜೆಯ ಹೊತ್ತು, ಓಣಿಯ ಮನೆಮನೆಯಲ್ಲೂ ಶಂಖ ಊದುತ್ತಿದ್ದರು. ಅವರು ಕೈ ಎತ್ತಿ ಏನೋ ಅಂದರು, ನನಗೆ ಕೇಳಿಸಲಿಲ್ಲ. ಏನಂದರು ಅಂತ ಮಗಳನ್ನು ಕೇಳಿದೆ.

“ಬೆಂಚೇ ಥಾಕೋ ಮಾ, ಅಂದ್ರು.”

ಬದುಕಿರಮ್ಮಾ ಅಂತ. ಕಾಲಿಗೆ ಬಿದ್ದವರಿಗೆ ಬಂಗಾಳದ ಹಿರಿಯರು ಹರಸುವುದೇ ಹಾಗೆ. ನಾನು ಕೇಳಿದ್ದು ಅವತ್ತೇ ಮೊದಲು. ಮಗಳ ತಲೆಯನ್ನೂ ಹಿಡಿದು ಬಗ್ಗಿಸಿದೆ. ಶಂಖ ನಿಂತಿತ್ತು. ಈ ಸಲ ನನಗೂ ಕೇಳಿಸಿತು.