ಮಲೆನಾಡಿನ ಮಳೆಗೆ ಮಿರರ್‌ಲೆಸ್ ಕ್ಯಾಮೆರಾ ಬಾಳುತ್ತಾ?

"ಸಣ್ಣದೊಂದು ಮಿರರ್‌ಲೆಸ್ ಕ್ಯಾಮೆರಾ ತಗೋಬೇಕು ಅಂತಿದ್ದೀನಿ. ಆದರೆ ನಮ್ಮನೆ ಇರೋದು ತೋಟದೊಳಗೆ. ಜೂನ್ ಬಂತು ಅಂದ್ರೆ ಚಪ್ಪಲಿಗೂ ಬೂಷ್ಟು ಹಿಡಿಯುತ್ತೆ. ಅಷ್ಟು ದುಡ್ಡು ಕೊಟ್ಟು ತಂದರೆ ಬಾಳುತ್ತಾ?" ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆಯವರು ತಿರುತಿರುಗಿ ಕೇಳುವ ಪ್ರಶ್ನೆ ಇದು. ಮಿರರ್‌ಲೆಸ್ ಅಂದರೆ ಒಳಗೆ ಕನ್ನಡಿಯಿಲ್ಲದ, ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ.

ಬಾಳುತ್ತದೆ. ಇಲ್ಲಿ ಕ್ಯಾಮೆರಾ ಹಾಳಾಗುವುದು ಹೆಚ್ಚಾಗಿ ಹೊರಗಿನ ಮಳೆಯಲ್ಲಿ ಅಲ್ಲ, ಮನೆಯೊಳಗಿನ ಬೀರುವಿನಲ್ಲಿ. ಮಳೆಯಲ್ಲಿ ನಾಲ್ಕು ಹನಿ ಬಿದ್ದರೆ ಒರೆಸಿಕೊಳ್ಳುತ್ತೇವೆ. ಬ್ಯಾಗಿನೊಳಗೆ ಸುತ್ತಿ ಬೀರುವಿಗೆ ಸೇರಿಸಿ ಎರಡು ತಿಂಗಳು ಮುಟ್ಟದಿದ್ದರೆ ಲೆನ್ಸಿನೊಳಗೆ ಬೂಷ್ಟು ತಣ್ಣಗೆ ಬೆಳೆಯುತ್ತಾ ಹೋಗುತ್ತದೆ.

ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳಲ್ಲಿ ಹವಾಮಾನ ಒಂದೇ ಥರ ಇಲ್ಲ ಎಂಬುದನ್ನು ಮೊದಲು ಗಮನಿಸಿ. ಅರಸೀಕೆರೆ, ಚನ್ನರಾಯಪಟ್ಟಣ, ಕಡೂರಿನವರು ಬಯಲುಸೀಮೆಯವರು. ಅವರಿಗೆ ಗಾಳಿ ಆಡುವ ಕಪಾಟು, ಆಗಾಗ ಕ್ಯಾಮೆರಾ ಹೊರಗೆ ತೆಗೆಯುವ ಅಭ್ಯಾಸ, ಬಹುಪಾಲು ಅಷ್ಟು ಸಾಕು. ಪಶ್ಚಿಮದ ತಾಲ್ಲೂಕುಗಳಲ್ಲಿ ಆರಿದ್ರಾ ಹಿಡಿದರೆ ಆಶ್ಲೇಷ ಮುಗಿಯುವವರೆಗೆ ಬಟ್ಟೆಯೇ ಒಣಗುವುದಿಲ್ಲ. ಮುಂದೆ ಬರೆದಿರುವುದು ಮುಖ್ಯವಾಗಿ ಈ ಕಡೆಯವರಿಗೆ.

ಗಾಳಿಯ ತೇವಾಂಶ ಶೇಕಡಾ 60-65 ದಾಟಿ ಬಹಳ ದಿನ ಹಾಗೇ ನಿಂತರೆ ಬೂಷ್ಟಿಗೆ ಅನುಕೂಲ. ಕ್ಯಾಮೆರಾಗೆ ಹಿತವಾದದ್ದು 40ರಿಂದ 50. ಇದಕ್ಕೆ ಸಾವಿರಾರು ರೂಪಾಯಿ ಖರ್ಚಾಗಬೇಕಿಲ್ಲ. ಮುಚ್ಚಳಕ್ಕೆ ರಬ್ಬರ್ ಪಟ್ಟಿ ಇರುವ, ನಾಲ್ಕೂ ಕಡೆ ಕ್ಲಿಪ್ ಬೀಳುವ, ಸುಮಾರು 10 ಲೀಟರಿನ ಅಡುಗೆಮನೆ ಪ್ಲಾಸ್ಟಿಕ್ ಡಬ್ಬ ಒಂದು, ತೇವ ಹೀರಿ ಬಣ್ಣ ಬದಲಾಗುವ ಸಿಲಿಕಾ ಜೆಲ್ ಕಾಳು 200-250 ಗ್ರಾಂ, ಒಳಗಿಡಲು ಸಣ್ಣ ಡಿಜಿಟಲ್ ತೇವಾಂಶ ಮೀಟರ್ ಒಂದು. ಮೀಟರ್ ಬಿಡಬೇಡಿ. ಅದಿಲ್ಲದಿದ್ದರೆ ಡಬ್ಬ ಕೆಲಸ ಮಾಡುತ್ತಿದೆಯೋ ಇಲ್ಲವೋ ಗೊತ್ತಾಗುವುದೇ ಇಲ್ಲ.

10 ಲೀಟರ್ ಡಬ್ಬದ ಗಾಳಿಯಲ್ಲಿ, ಜಡಿಮಳೆಯ ದಿನವೂ, ಇರುವ ನೀರು ಕಾಲು ಗ್ರಾಮಿಗಿಂತ ಕಡಿಮೆ. ಸಿಲಿಕಾ ಜೆಲ್ ತನ್ನ ತೂಕದ ಐದರಲ್ಲೊಂದು ಭಾಗದಷ್ಟು ನೀರನ್ನು ಸುಲಭವಾಗಿ ಹೀರುತ್ತದೆ, ಅಂದರೆ 200 ಗ್ರಾಂ ಜೆಲ್ 40 ಗ್ರಾಂ ನೀರನ್ನು. ಹಾಗಾದರೆ ಕೆಲವರ ಜೆಲ್ ವಾರದಲ್ಲೇ ಬಣ್ಣ ತಿರುಗುವುದು ಯಾಕೆ? ಡಬ್ಬದೊಳಗೆ ಬಟ್ಟೆಯ ಪಟ್ಟಿ, ಸ್ಪಂಜು, ಚರ್ಮದ ಕೇಸ್, ಒರೆಸುವ ಬಟ್ಟೆ ಎಲ್ಲವನ್ನೂ ಸೇರಿಸಿಡುತ್ತಾರೆ. ನೀರು ಕುಡಿದು ಕೂತಿರುವುದು ಅವು. ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ), ಲೆನ್ಸ್, ಬ್ಯಾಟರಿ ಇಷ್ಟೇ ಒಳಗಿರಲಿ. ಚರ್ಮದ ಕೇಸಿನಲ್ಲಂತೂ ಬೂಷ್ಟು ಮೊದಲು ಹುಟ್ಟುತ್ತದೆ. ಅದನ್ನು ಕ್ಯಾಮೆರಾದ ಪಕ್ಕದಲ್ಲೇ ಇಡಬೇಡಿ.

ಜೆಲ್ಲಿನಲ್ಲಿ ಎರಡು ಬಗೆ ಸಿಗುತ್ತದೆ. ನೀಲಿಯದು ನೀರು ಹೀರಿದರೆ ಗುಲಾಬಿಯಾಗುತ್ತದೆ, ಕಿತ್ತಳೆಯದು ಕಡುಹಸಿರಾಗುತ್ತದೆ. ನೀಲಿಗೆ ಬಣ್ಣ ಬರುವುದು ಕೋಬಾಲ್ಟ್ ಕ್ಲೋರೈಡಿನಿಂದ, ಅದು ವಿಷ. ಮಕ್ಕಳಿರುವ ಮನೆಗೆ ಕಿತ್ತಳೆಯೇ ಸರಿ. ಬಣ್ಣ ತಿರುಗಿದ ಮೇಲೆ ಬಿಸಾಡುವುದು ಬೇಡ. ಓವನ್ ಇದ್ದರೆ ಸ್ಟೀಲ್ ತಟ್ಟೆಯಲ್ಲಿ ತೆಳುವಾಗಿ ಹರವಿ 110 ಡಿಗ್ರಿಯಲ್ಲಿ ಒಂದೂವರೆ ಎರಡು ಗಂಟೆ ಇಡಿ. ಓವನ್ ಇಲ್ಲದಿದ್ದರೆ ದಪ್ಪ ತಳದ ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಿರಿ. ಆ ಬಾಣಲೆ ಮತ್ತೆ ಅಡುಗೆಗೆ ಬೇಡ. ಅವಸರ ಮಾಡಿ ಉರಿ ಜೋರು ಮಾಡಿದರೆ ಕಾಳು ಕಪ್ಪಾಗುತ್ತದೆ, ಆಮೇಲೆ ಅದರ ಬಣ್ಣ ನಂಬುವಂತಿಲ್ಲ. ಪೂರ್ತಿ ಆರಿದ ಮೇಲೆ, ಆದರೆ ಗಾಳಿಗೆ ಬಿಡದೆ, ಡಬ್ಬಕ್ಕೆ ಹಾಕಿ. ಆಗತಾನೇ ಹುರಿದ ಜೆಲ್ ಮೀಟರನ್ನು 30ಕ್ಕಿಂತ ಕೆಳಗೆ ಎಳೆಯಬಹುದು. ತಿಂಗಳುಗಟ್ಟಲೆ ಅಷ್ಟು ಒಣಗಾಳಿಯೂ ರಬ್ಬರಿಗೆ, ಒಳಗಿನ ಗ್ರೀಸಿಗೆ ಒಳ್ಳೆಯದಲ್ಲ. ಅಂಥ ಹೊತ್ತಿನಲ್ಲಿ ಅರ್ಧ ಜೆಲ್ ತೆಗೆದು ಬೇರೆ ಗಾಜಿನ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿಡಿ.

ಕರೆಂಟಿನ ಡ್ರೈ ಕ್ಯಾಬಿನೆಟ್ ಒಳ್ಳೆಯದೇ, ಲೆನ್ಸ್ ನಾಲ್ಕೈದಾದ ಮೇಲೆ ಅದೇ ಅನುಕೂಲ. ಕರೆಂಟ್ ಒಂದು ದಿನ ಹೋದರೂ ಬಾಗಿಲ ರಬ್ಬರ್ ಚೆನ್ನಾಗಿದ್ದರೆ, ನೀವು ತೆರೆಯದಿದ್ದರೆ, ಒಳಗೆ ಏನೂ ಆಗುವುದಿಲ್ಲ. ಹಳಬರು ಬೀರುವಿನಲ್ಲಿ 15 ವಾಟಿನ ಬಲ್ಬ್ ಉರಿಸುತ್ತಿದ್ದ ಉಪಾಯವೂ ಸುಳ್ಳಲ್ಲ. 20 ಡಿಗ್ರಿಯಲ್ಲಿ 95 ಇರುವ ತೇವಾಂಶ, ಅದೇ ಗಾಳಿಯನ್ನು 25ಕ್ಕೆ ಬಿಸಿ ಮಾಡಿದರೆ 70ರ ಸುಮಾರಿಗೆ ಇಳಿಯುತ್ತದೆ. ಆದರೆ 70 ಸಾಲದು, ಜೊತೆಗೆ ಬಟ್ಟೆ ಕಾಗದದ ನಡುವೆ ಬಿಸಿ ಬಲ್ಬ್ ಇಡುವುದು ಅಪಾಯ. ಅಕ್ಕಿ ಡಬ್ಬದಲ್ಲಿ ಹೂತಿಡುವುದು ಬೇಡವೇ ಬೇಡ: ಹೀರುವ ಶಕ್ತಿ ಕಡಿಮೆ, ಹಿಟ್ಟಿನ ಧೂಳು ಝೂಮ್ ಸಂದಿಗೆ ಸೇರುತ್ತದೆ. ಒಲೆಯ ಮೇಲಿನ ಅಟ್ಟ ಬೆಚ್ಚಗೆ ಒಣಗಿರುತ್ತದೆ ನಿಜ, ಅಲ್ಲಿನ ಹೊಗೆ ಗಾಜಿಗೆ ಜಿಡ್ಡಾಗಿ ಅಂಟುತ್ತದೆ. ನುಸಿಗುಳಿಗೆಯೂ ಬೇಡ.

ಬೂಷ್ಟು ಬಂದಿದೆಯೇ ಎಂದು ತಿಂಗಳಿಗೊಮ್ಮೆ ನೋಡಿ. ಲೆನ್ಸ್ ಬಿಚ್ಚಿ, ಎರಡೂ ಕ್ಯಾಪ್ ತೆಗೆದು, ಕತ್ತಲ ಕೋಣೆಯಲ್ಲಿ ಹಿಂದಿನಿಂದ ಮೊಬೈಲ್ ಟಾರ್ಚ್ ಓರೆಯಾಗಿ ಬಿಟ್ಟು ಮುಂದಿನಿಂದ ನೋಡಬೇಕು. ಚುಕ್ಕಿ ಚುಕ್ಕಿ ಕಂಡರೆ ಧೂಳು, ಹೆದರಬೇಕಾಗಿಲ್ಲ. ಜೇಡರ ಬಲೆಯ ಹಾಗೆ ಕವಲೊಡೆದ ಎಳೆ ಕಂಡರೆ ಬೂಷ್ಟು. ಆಗ ತಡ ಮಾಡಬೇಡಿ. ಅದು ಬಿಡುವ ಆಮ್ಲ ಗಾಜಿನ ಲೇಪನವನ್ನು ತಿನ್ನುತ್ತದೆ, ಬೂಷ್ಟು ಒರೆಸಿದ ಮೇಲೂ ಗುರುತು ಉಳಿಯುತ್ತದೆ. ಒಳಗಿನ ಗಾಜು ಮನೆಯಲ್ಲಿ ಬಿಚ್ಚುವಂಥದ್ದಲ್ಲ. ಕಸುಬು ಬಲ್ಲವರ ಕೈಗೇ ಕೊಡಿ. ಹಳೇ ಲೆನ್ಸ್ ಕೊಳ್ಳುವಾಗಲೂ ಇದೇ ಟಾರ್ಚ್ ಪರೀಕ್ಷೆ ಮಾಡಿ, ಆಮೇಲೆ ದುಡ್ಡು ಕೊಡಿ.

ಇನ್ನು ಹೊರಗೆ ಒಯ್ಯುವ ಮಾತು. ಅಗ್ಗದ ಸಣ್ಣ ಬಾಡಿಗಳಲ್ಲಿ ಹೆಚ್ಚಿನವಕ್ಕೆ ನೀರು ತಡೆಯುವ ರಬ್ಬರ್ ಇರುವುದಿಲ್ಲ. ತೋಟದಲ್ಲಿ ಆಳುಗಳು ಹೊದೆಯುವ ಪ್ಲಾಸ್ಟಿಕ್ ಕೊಪ್ಪೆಯದೇ ಉಪಾಯ ಇಲ್ಲಿಯೂ: ಪಾರದರ್ಶಕ ಕವರಿನ ತಳದಲ್ಲಿ ಲೆನ್ಸಿನಷ್ಟು ತೂತು ಮಾಡಿ, ಲೆನ್ಸಿನ ಮುಂದಿನ ಮರೆ, ಅಂದರೆ ಹುಡ್ ಮೇಲೆ ರಬ್ಬರ್ ಬ್ಯಾಂಡ್ ಹಾಕಿ ಬಿಗಿಯಿರಿ, ಕೈ ಹಿಂದಿನಿಂದ ತೂರಿಸಿ. ಮಳೆಯಲ್ಲಿ ಝೂಮ್ ಹಿಂದೆ ಮುಂದೆ ಎಳೆಯುವುದು ಕಡಿಮೆ ಮಾಡಿ. ಉದ್ದವಾಗುವ ಲೆನ್ಸ್ ಸೈಕಲ್ ಪಂಪಿನ ಹಾಗೆ ಒದ್ದೆ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಪೂರಾ ನೆನೆದರೆ ಆನ್ ಮಾಡಿ ನೋಡುವ ಆಸೆ ತಡೆದುಕೊಳ್ಳಿ. ಬ್ಯಾಟರಿ, ಕಾರ್ಡ್ ತೆಗೆದು, ಕ್ಯಾಮೆರಾದ ಆ ಬಾಗಿಲು ತೆರೆದಿಟ್ಟೇ, ಮುಚ್ಚಿದ ಜೆಲ್ ಡಬ್ಬದಲ್ಲಿ ಕನಿಷ್ಠ ಎರಡು ದಿನ ಇಡಿ. ಹೇರ್ ಡ್ರೈಯರ್ ಹಿಡಿದರೆ ನೀರಿನ ಹನಿ ಇನ್ನೂ ಒಳಕ್ಕೆ ಹೋಗುತ್ತದೆ.

ಮಳೆಗಿಂತ ಮೋಸ ಮಾಡುವುದು ಕಾರಿನ ಎಸಿ. ತಣ್ಣಗಾದ ಕ್ಯಾಮೆರಾವನ್ನು ಒಮ್ಮೆಲೇ ಒದ್ದೆ ಗಾಳಿಗೆ ತೆಗೆದರೆ ಐಸ್ ನೀರಿನ ಲೋಟ ಬೆವರುವ ಹಾಗೆ ಹೊರಗೂ ಒಳಗೂ ಹನಿ ಕಟ್ಟುತ್ತದೆ. ಮುಂಜಾನೆ 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಚಳಿಯಲ್ಲಿ ನಿಂತು, ಕೆಳಗಿಳಿದು ಅಡುಗೆಯ ಹಬೆ ತುಂಬಿದ ಹೋಟೆಲಿನಲ್ಲಿ ಬ್ಯಾಗ್ ತೆರೆದರೂ ಅದೇ ಕಥೆ. ಇಳಿಯುವ ಹದಿನೈದು ನಿಮಿಷ ಮೊದಲೇ ಎಸಿ ನಿಲ್ಲಿಸಿ ಗಾಜು ಇಳಿಸಿ. ಇಲ್ಲವೇ ಜಿಪ್ ಕವರಿನಲ್ಲಿ ಮುಚ್ಚಿದ ಹಾಗೇ ಅರ್ಧ ಗಂಟೆ ಬಿಡಿ. ಹನಿ ಕವರಿನ ಮೇಲೆ ಕಟ್ಟಲಿ.

ಧೂಳಿನ ವಿಷಯದಲ್ಲಿ ಮಿರರ್‌ಲೆಸ್ ನಿಜಕ್ಕೂ ನಾಜೂಕು. ಕನ್ನಡಿಯಿರುವ ಹಳೇ ನಿಕಾನ್ ಎಸ್‌ಎಲ್‌ಆರ್‌ನಲ್ಲಿ ಲೆನ್ಸ್ ಕೂರುವ ಮೌಂಟಿನಿಂದ ಚಿತ್ರ ಹಿಡಿಯುವ ಸೆನ್ಸರಿಗೆ 46.5 ಮಿಲಿಮೀಟರ್ ಆಳ, ನಡುವೆ ಕನ್ನಡಿ ಅಡ್ಡ. ಸೋನಿ ಇ ಮೌಂಟಿನಲ್ಲಿ ಆ ಆಳ ಬರೀ 18. ಲೆನ್ಸ್ ಬಿಚ್ಚಿದರೆ ಸೆನ್ಸರ್ ಬಾಗಿಲಲ್ಲೇ ಕೂತಿರುತ್ತದೆ. ಕೊಯ್ಲಿನ ಕಾಲದಲ್ಲಿ ಕಾಫಿ ಕಣದ ಹತ್ತಿರ ಲೆನ್ಸ್ ಬದಲಿಸಬೇಡಿ. ಬದಲಿಸಲೇಬೇಕಾದರೆ ಆಫ್ ಮಾಡಿ, ಮೌಂಟ್ ನೆಲದ ಕಡೆ ತಿರುಗಿಸಿ, ಹೊಸ ಲೆನ್ಸಿನ ಹಿಂದಿನ ಕ್ಯಾಪ್ ಮೊದಲೇ ಸಡಿಲ ಮಾಡಿಕೊಂಡಿರಿ. ಧೂಳು ಕೂತಿದೆಯೇ ಎಂದು ತಿಳಿಯಲು ಲೆನ್ಸಿನ ಕಿಂಡಿ ಕಿರಿದಾಗಿಸಿ, ಅಂದರೆ ಎಫ್/16ರಲ್ಲಿ, ಬರೀ ಆಕಾಶದ ಫೋಟೋ ತೆಗೆದು ನೋಡಿ. ಕಪ್ಪು ಚುಕ್ಕೆ ಇದ್ದರೆ ರಬ್ಬರ್ ಬ್ಲೋಯರ್. ಬಾಯಲ್ಲಿ ಊದಿದರೆ ಎಂಜಲು ಸೇರುತ್ತದೆ.

ಇಷ್ಟೆಲ್ಲ ಪಾಡು ಯಾಕೆ, ಮೊಬೈಲೇ ಸಾಕಲ್ಲ ಎನ್ನುವವರಿಗೆ ಈ ಕ್ಯಾಮೆರಾದ ನಿಜವಾದ ಬೆಲೆ ಗೊತ್ತಾಗುವುದು ಮಂಜಿನಲ್ಲಿ. ಫೋಟೋ ಎಷ್ಟು ಬೆಳ್ಳಗೆ ಬರುತ್ತದೆ ಎಂಬುದು ಕ್ಲಿಕ್ ಮಾಡುವ ಮೊದಲೇ ಕಣ್ಣಿಟ್ಟು ನೋಡುವ ವ್ಯೂಫೈಂಡರಿನಲ್ಲಿ ಕಾಣುತ್ತದೆ, ಅದನ್ನು ಡಯಲಿನಲ್ಲೇ ತಿದ್ದಬಹುದು. ಮಂಜನ್ನು ಕ್ಯಾಮೆರಾ ಬೂದಿ ಬಣ್ಣಕ್ಕೆ ಇಳಿಸುತ್ತದೆ, ಬೆಳಕು ಹೆಚ್ಚಿಸಲು ಆ ಡಯಲಿನಲ್ಲಿ ಪ್ಲಸ್ 0.7ರಿಂದ 1ರವರೆಗೆ ಕೊಡಿ. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಹೂ ಅರಳಿದಾಗ ಇದಕ್ಕೆ ತದ್ವಿರುದ್ಧ. ಕಡುಹಸಿರು ಎಲೆ ನೋಡಿ ಕ್ಯಾಮೆರಾ ಬೆಳಕು ಹೆಚ್ಚಿಸುತ್ತದೆ, ಬಿಳಿ ಎಸಳಿನ ಗೆರೆಯೆಲ್ಲ ಅಳಿಸಿಹೋಗುತ್ತದೆ. ಅಲ್ಲಿ ಮೈನಸ್ 0.7. ಮಂಜಿನಲ್ಲಿ ಫೋಕಸ್ ಸಿಕ್ಕದೆ ಒದ್ದಾಡಿದರೆ ಸಿಲ್ವರ್ ಓಕ್ ಮರದ ಕಾಂಡದ ಅಂಚಿಗೆ ಫೋಕಸ್ ಚೌಕ ಇಡಿ.

ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗದೊಳಗೆ ಬೆಳಕು ಕಡಿಮೆ, ಟ್ರೈಪಾಡಿಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಸಣ್ಣ ಬಾಡಿಯ ಲಾಭ ಇಲ್ಲೂ ಇದೆ. ಮೇಲಿನ ಭುವನೇಶ್ವರಿಯ (ಛಾವಣಿಯ ಕೆತ್ತನೆಯ) ಚಿತ್ರ ಬೇಕಿದ್ದರೆ ಜನ ಕಡಿಮೆಯಿದ್ದಾಗ ಬಟ್ಟೆ ಹಾಸಿ ಕ್ಯಾಮೆರಾವನ್ನು ಅಂಗಾತ ನೆಲಕ್ಕಿಟ್ಟು, ಕೈಯ ಅಲುಗಾಟ ಸರಿಪಡಿಸುವ ಸ್ಟೆಬಿಲೈಸೇಶನ್ ಆಫ್ ಮಾಡಿ, ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ, ಅಂದರೆ ಐಎಸ್‌ಒ 200, ಎಫ್/5.6, ಎರಡು ಸೆಕೆಂಡ್ ಟೈಮರ್. ಶಟರ್ ಒಂದೆರಡು ಸೆಕೆಂಡ್ ತೆರೆದಿದ್ದರೂ ಅಲುಗುವುದಿಲ್ಲ. ಚೌಕಟ್ಟು ಸರಿಯಿದೆಯೇ ಎಂದು ವೈಫೈ ಮೂಲಕ ಮೊಬೈಲಿನಲ್ಲಿ ನೋಡಿಕೊಳ್ಳಬಹುದು. ಹೊರಗಿನ ಮದನಿಕೆಯರ ಹಿಂದೆ ಆಕಾಶ ಬೆಳ್ಳಗಿದ್ದರೆ ಮುಖ ಕಪ್ಪಾಗುತ್ತದೆ, ಪ್ಲಸ್ 1 ಬೇಕು.

ಮದುವೆ ಛತ್ರದಲ್ಲಿ ಫೋಟೋಗಳ ಮೇಲೆ ಅಡ್ಡಡ್ಡ ಪಟ್ಟೆ ಬರುತ್ತಿದೆ ಎಂದು ದೂರುವವರ ಕ್ಯಾಮೆರಾ ಕೆಟ್ಟಿರುವುದಿಲ್ಲ. ನಮ್ಮ ಕರೆಂಟು 50 ಹರ್ಟ್ಜ್, ಹಲವು ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಿಟ್ಟು ಮೆಕ್ಯಾನಿಕಲ್ ಶಟರಿಗೆ ಬನ್ನಿ, ವೇಗ 1/50 ಅಥವಾ 1/100 ಇಡಿ.

ಬ್ಯಾಟರಿ ಕನಿಷ್ಠ ಎರಡಿರಲಿ. ಸ್ಕ್ರೀನ್ ಸದಾ ಉರಿಯುವುದರಿಂದ ಹಲವು ಸಣ್ಣ ಬಾಡಿಗಳು ಒಂದು ಚಾರ್ಜಿಗೆ ಸುಮಾರು ಮುನ್ನೂರು ನಾನೂರು ಫೋಟೋ ಎಳೆಯುತ್ತವೆ, ಅಷ್ಟೇ. ಮಳೆಗಾಲದಲ್ಲಿ ಡಬ್ಬದೊಳಗೆ ಬಹುದಿನ ಇಡುವಾಗ ಬ್ಯಾಟರಿಯನ್ನು ಬಾಡಿಯಿಂದ ಹೊರತೆಗೆದು ಅರ್ಧ ಚಾರ್ಜಿನಲ್ಲಿಡಿ. ವಾರಕ್ಕೊಮ್ಮೆ, ಮಳೆ ಹೊಳವಾದ ಹೊತ್ತು ನೋಡಿ, ಕ್ಯಾಮೆರಾ ಹೊರಗೆ ತೆಗೆದು ಹತ್ತಿಪ್ಪತ್ತು ಫೋಟೋ ತೆಗೆಯಿರಿ. ಝೂಮ್, ಫೋಕಸ್ ರಿಂಗ್ ಎರಡನ್ನೂ ತಿರುಗಿಸಿ, ಬೆರಳಚ್ಚು ಒರೆಸಿ, ಮೀಟರ್ 50ರ ಒಳಗಿದೆಯೇ ನೋಡಿ ಮತ್ತೆ ಡಬ್ಬ ಮುಚ್ಚಿ.